ಖಾಲಿ ಜಾಗಕ್ಕೆ ಎಸೆದ ಚೆಂಡು

ಹೊಳೆಗೂ ಮರಳುಗುಡ್ಡಗಳಿಗೂ ನಡುವೆ ಒಂದು ಊರಿತ್ತು. ಆ ಊರಿನಲ್ಲಿ ಯಾವ ಜಾಗವೂ ಖಾಲಿ ಇರಬಾರದು ಎಂಬುದು ಕಟ್ಟಳೆ. ಬೆಳಿಗ್ಗೆ ಕುಂಬಾರ ಸತ್ತರೆ ಸಂಜೆ ದೀಪ ಹಚ್ಚುವುದರೊಳಗೆ ಇನ್ನೊಬ್ಬ ಅವನ ತಿಗರಿಯ ಮುಂದೆ ಕೂರಬೇಕು. ಕೂತವನ ಕಾಲು ತೊಳೆಯುತ್ತಾರೆ. ಅವನ ಮಡಿಲಿಗೆ ಒಂದು ಹಿಡಿ ಮರಳು ಹಾಕಿ, ಮತ್ತೆ ಕೊಡವುತ್ತಾರೆ. ಅಲ್ಲಿಗೆ ಅವನೇ ಕುಂಬಾರ. ಕುಂಬಾರನ ಹೆಂಡತಿ ಅವನಿಗೆ ಅನ್ನ ಬಡಿಸುತ್ತಾಳೆ, ಕುಂಬಾರನ ಮಕ್ಕಳು ಅವನ ಬೆನ್ನೇರಿ ಆಡುತ್ತಾರೆ. ಯಾರೂ ಅಳುವುದಿಲ್ಲ. ಯಾರೂ ಹೋಗಿಯೇ ಇಲ್ಲವೆಂದ ಮೇಲೆ ಅಳುವುದು ಯಾರಿಗಾಗಿ?

ದೀಪ ಹಚ್ಚುವ ಹೊತ್ತಿಗೆ ಗಂಟೆಯವನು ಬೀದಿ ಬೀದಿ ನಡೆಯುತ್ತಾನೆ. ಪ್ರತಿ ಬಾಗಿಲ ಮುಂದೆ ನಿಂತು ಒಂದು ಸಲ ಗಂಟೆ ಬಾರಿಸಿ ಕೇಳುತ್ತಾನೆ, "ಜಾಗ ತುಂಬಿದೆಯೆ?" ಒಳಗಿನಿಂದ ಉತ್ತರ ಬರುತ್ತದೆ, "ತುಂಬಿದೆ." ಮುಂದಿನ ಬಾಗಿಲು. "ಜಾಗ ತುಂಬಿದೆಯೆ?" "ತುಂಬಿದೆ." ಹೀಗೆ ಊರಿನ ಕೊನೆಯ ಬಾಗಿಲಿನವರೆಗೆ ಹೋಗಿ, ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಅವನು ಮನೆಗೆ ಹೋಗಿ ಮಲಗುತ್ತಾನೆ. ಒಂದು ಜಾಗ ಒಂದೇ ಒಂದು ರಾತ್ರಿ ಬರಿದಾಗಿ ಉಳಿದರೂ ಊರು ಉಳಿಯುವುದಿಲ್ಲ ಎಂದು ಹಿರಿಯರು ಹೇಳಿದ್ದರು. ಉಳಿಯದೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಹಾಗಾಗಲು ಯಾರೂ ಬಿಟ್ಟೂ ಇರಲಿಲ್ಲ.

ಆದ್ದರಿಂದಲೇ ಆ ಊರಿನಲ್ಲಿ ಹೆಸರುಗಳಿರಲಿಲ್ಲ. ಕುಂಬಾರನನ್ನು ಕುಂಬಾರ ಎಂದರೆ ಸಾಕಾಗಿತ್ತು. ಒಬ್ಬನು ಹೋಗಿ ಇನ್ನೊಬ್ಬನು ಬಂದಾಗ ಕರೆಯುವ ನಾಲಗೆ ತಡವರಿಸಬೇಕಾಗಿರಲಿಲ್ಲ.

ಊರಿನ ನಡುವೆ ಒಂದು ಶಾಲೆ, ಶಾಲೆಯ ಮುಂದೆ ಒಂದು ಬಯಲು. ಹುಡುಗರು ಅಲ್ಲಿ ನಾಲ್ಕು ವರ್ಷ ಇರುತ್ತಿದ್ದರು. ಬೆಳಿಗ್ಗೆ ಓದು, ಬಿಸಿಲು ಇಳಿದ ಮೇಲೆ ಆಟ. ಆಟ ಒಂದು ತೊಗಲಿನ ಚೆಂಡಿನದು. ಮುಂದೆ ಕಾವಲಿನ ಸಾಲು, ಅದರ ಹಿಂದೆ ಒಬ್ಬನೇ ಎಸೆಗಾರ. ಎದುರಾಳಿಗಳು ಕಾವಲನ್ನು ಮುರಿದು ಬಂದು ಅವನನ್ನು ಕೆಡಹುವುದರೊಳಗೆ ಅವನು ಎಲ್ಲರ ತಲೆಯ ಮೇಲಿಂದ ಚೆಂಡನ್ನು ಎಸೆಯಬೇಕು, ದೂರದಲ್ಲಿ ಓಡುತ್ತಿರುವ ಓಟಗಾರ ಅದನ್ನು ಹಿಡಿಯಬೇಕು. ಓಟಗಾರ ಇರುವಲ್ಲಿಗೆ ಎಸೆದರೆ ಚೆಂಡು ತಲುಪುವಷ್ಟರಲ್ಲಿ ಅವನು ಮುಂದೆ ಹೋಗಿರುತ್ತಾನೆ. ಅವನು ಬರಲಿರುವಲ್ಲಿಗೆ ಎಸೆಯಬೇಕು. ಇದನ್ನು ಕಲಿಯಲು ಕೆಲವರಿಗೆ ನಾಲ್ಕು ವರ್ಷವೂ ಸಾಲುತ್ತಿರಲಿಲ್ಲ.

ಆ ವರ್ಷದ ಎಸೆಗಾರನಿಗೆ ಮೂರನೆಯ ವರ್ಷ ಮುಗಿಯುತ್ತ ಬಂದಿತ್ತು. ಅಂಥ ತೋಳನ್ನು ಊರು ಕಂಡಿರಲಿಲ್ಲ. ಚೆಂಡು ಅವನ ಕೈಬಿಟ್ಟು ಮೇಲೇರುವಾಗ ಮಾತಾಡುತ್ತಿದ್ದವರ ಮಾತು ನಿಲ್ಲುತ್ತಿತ್ತು; ಅದು ಓಟಗಾರನ ಅಂಗೈಗೆ ಇಳಿದ ಮೇಲೆ, ನಿಂತ ಮಾತು ಕೂಗಾಗಿ ಹೊರಬರುತ್ತಿತ್ತು. ಓಟಗಾರ ಅವನ ಗೆಳೆಯ. ಬಲಗಾಲಿಗೆ ಹಿತ್ತಾಳೆಯ ಕಡಗ ಹಾಕಿಕೊಂಡು ಓಡುತ್ತಿದ್ದ, ದಿನ ಬೆಳಗಾದರೆ ಎಸೆಗಾರನ ಭುಜದ ಮೇಲೆ ಕೈಹಾಕಿ "ಏನೋ, ನಿದ್ದೆ ಬಂತಾ?" ಎಂದು ಕೇಳುತ್ತಿದ್ದ. ಬರದಿದ್ದರೂ ಬಂತು ಎನ್ನುವುದು ಇವನ ರೂಢಿ.

ಹೊಳೆಯ ಆಚೆ ದಡದಲ್ಲಿ ಕೋಟೆಯಿತ್ತು. ಕೋಟೆಯೊಳಗೆ ಅದೇ ಆಟ, ಆದರೆ ಓದಿಲ್ಲ; ಆಟವೇ ಅನ್ನ, ಆಟವೇ ಆಯುಷ್ಯ. ನಾಲ್ಕು ವರ್ಷ ಮುಗಿಸಿದವರು ಮುಂದಿನವನ ಕೈಮೇಲೆ ನೀರು ಬಿಟ್ಟು, ಜಾಗವನ್ನು ಧಾರೆಯೆರೆದು ಕೊಟ್ಟು, ಆಮೇಲೆ ಹೊಳೆ ದಾಟಬಹುದಿತ್ತು. ಧಾರೆಯೆರೆದು ಹೋದವನ ಮನೆ ಅವನದಾಗಿಯೇ ಉಳಿಯುತ್ತಿತ್ತು. ಹಬ್ಬಕ್ಕೆ ಬಂದರೆ ತಾಯಿ ಬಾಗಿಲಿಗೆ ಬಂದು ಕರೆದುಕೊಳ್ಳುತ್ತಿದ್ದಳು. ನಡುವೆಯೇ ಎದ್ದು ಹೋದವನಿಗೆ ಮಾತ್ರ ಅದಿಲ್ಲ. ಅವನ ಜಾಗಕ್ಕೆ ಬಂದವನು ಬಯಲಿನ ಜಾಗಕ್ಕಷ್ಟೇ ಅಲ್ಲ, ಚಾಪೆಗೂ, ತಟ್ಟೆಗೂ, ತಾಯಿಗೂ ಬಂದವನು.

ಮೂರನೆಯ ವರ್ಷದ ಕೊನೆಯಲ್ಲಿ ಕೋಟೆಯಿಂದ ಆಟಗಾರರನ್ನು ಕರೆಯುವವನು ಬಂದ. ತಾಮ್ರದ ಬಣ್ಣದ ಅಂಗಿ ತೊಟ್ಟಿದ್ದ. ಆಟ ಮುಗಿದ ಮೇಲೆ ಎಸೆಗಾರನ ಬಳಿಗೆ ಬಂದು, ಮುಖ ನೋಡದೆ, ತೋಳನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಒತ್ತಿ ನೋಡಿದ.

"ಈಗಲೇ ಬಾ," ಎಂದ.

"ನನಗೆ ಇನ್ನೂ ಒಂದು ವರ್ಷ ಇದೆ."

"ಮಾಗಿದ ಮಾವನ್ನ ಇನ್ನೊಂದು ವರ್ಷ ಗಿಡದಲ್ಲೇ ಬಿಡ್ತಾರೇನಪ್ಪ? ಬಿಟ್ಟರೆ ಗಿಣಿ ಕಚ್ಚುತ್ತೆ. ಇಲ್ಲ ಗಾಳಿಗೆ ಉದುರುತ್ತೆ. ಈ ತೋಳು ಇವತ್ತು ಇದೆ. ನಾಳೆ ಯಾರಾದರೂ ಕಾವಲು ಮುರಿದು ಬಂದು ಭುಜದ ಮೇಲೆ ಬಿದ್ದರೆ?"

"ಯೋಚನೆ ಮಾಡಬೇಕು."

"ಮಾಡು. ಹುಣ್ಣಿಮೆಗೆ ಕೊನೆಯ ಆಟ ಇದೆಯಲ್ಲ, ಅದು ಮುಗಿದ ಮಾರನೇ ಬೆಳಿಗ್ಗೆ ದೋಣಿ ಹೊರಡುತ್ತೆ." ತೋಳನ್ನು ಬಿಡುವ ಮುಂಚೆ ಅವನು ಅದನ್ನು ಒಮ್ಮೆ ತಟ್ಟಿದ, ಎತ್ತಿನ ಬೆನ್ನು ತಟ್ಟಿದ ಹಾಗೆ.

ಎಸೆಗಾರ ಗುರುವಿನ ಬಳಿಗೆ ಹೋದ. ಗುರು ಬಯಲಿನ ಅಂಚಿನಲ್ಲಿ ಕೂತು ಚೆಂಡಿನ ಹೊಲಿಗೆ ಬಿಗಿಯುತ್ತಿದ್ದರು. ಮೂರು ವರ್ಷದಲ್ಲಿ ಎಸೆಯುವುದನ್ನೆಲ್ಲ ಕಲಿತಾಯಿತು, ನಾಲ್ಕನೆಯದರಲ್ಲಿ ಇನ್ನೇನು ಕಲಿಯುವುದು ಎಂದು ಕೇಳಿದ.

"ನಾಲ್ಕನೇದರಲ್ಲಿ ಎಸೆಯೋದು ಕಲಿಯೋಲ್ಲ," ಎಂದರು ಗುರು. "ಬಿಡೋದು ಕಲೀತೀಯ."

"ಅದಕ್ಕೆ ಒಂದು ವರ್ಷ ಬೇಕೆ?"

"ಕೆಲವರಿಗೆ ಸಾಲೋದಿಲ್ಲ." ಗುರು ದಾರವನ್ನು ಹಲ್ಲಿನಿಂದ ಕಡಿದರು. "ಆದರೆ ನಿನ್ನ ತೋಳು ಇನ್ನೊಂದು ವರ್ಷ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ. ಕೊಟ್ಟರೆ ಸುಳ್ಳಾಗುತ್ತೆ."

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ತಾಯಿ ಊರಿನ ದೀಪಗಳಿಗೆ ಬತ್ತಿ ಹೊಸೆಯುವವಳು. ನಡುಮನೆಯಲ್ಲಿ ಕಾಲು ಚಾಚಿ ಕೂತು ತೊಡೆಯ ಮೇಲೆ ಹತ್ತಿ ಹೊಸೆಯುತ್ತಿದ್ದಳು. ಅವಳೆದುರಿಗೆ, ಎಸೆಗಾರನ ಚಾಪೆಯ ಮೇಲೆ, ಎರಡನೆಯವನು ಕೂತಿದ್ದ.

ಎರಡನೆಯವನೆಂದರೆ ಎಸೆಗಾರನ ಜಾಗಕ್ಕೆ ಕಾದಿರುವವನು. ಆ ಊರಿನಲ್ಲಿ ಎಲ್ಲ ಜಾಗಕ್ಕೂ ಒಬ್ಬೊಬ್ಬ ಎರಡನೆಯವನು ಇರುತ್ತಿದ್ದ. ಇವನು ಮೂರು ವರ್ಷದಿಂದ ಎಸೆಗಾರನ ಹಿಂದೆಯೇ ನಡೆದು, ಅವನ ನಡಿಗೆ, ಅವನ ಕೆಮ್ಮು, ನಗುವ ಮುಂಚೆ ಅವನು ಮೂಗು ಉಜ್ಜಿಕೊಳ್ಳುವ ರೀತಿ, ಎಲ್ಲವನ್ನೂ ಕಲಿತಿದ್ದ. ಈಗ ಎಸೆಗಾರನ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದ. ಎಸೆಗಾರ ಮಾಡುವ ಹಾಗೆಯೇ ಅನ್ನದ ನಡುವೆ ಗುಳಿ ಮಾಡಿ, ಸಾರು ಹಾಕಿಸಿಕೊಂಡು, ಗುಳಿಯ ದಡವನ್ನು ಹೆಬ್ಬೆರಳಿನಿಂದ ಒಡೆದ.

ಎಸೆಗಾರ ಹೊಸ್ತಿಲ ಮೇಲೆ ನಿಂತುಬಿಟ್ಟ. 

ತಾಯಿ ತಲೆಯೆತ್ತದೆ, "ಕೈ ತೊಳ್ಕೊಳೋ," ಎಂದಳು. ಹುಡುಗರಿಬ್ಬರೂ ಒಟ್ಟಿಗೆ ತಮ್ಮ ತಮ್ಮ ಕೈ ನೋಡಿಕೊಂಡರು.

ಎರಡನೆಯವನು ನಾಚಿಕೊಂಡು ಎದ್ದ. "ಹೊಂದುತ್ತೋ ಇಲ್ಲವೋ ಅಂತ ನೋಡೋಕೆ ಬಂದಿದ್ದೆ. ತಪ್ಪು ತಿಳ್ಕೋಬೇಡ," ಎಂದು ಹೇಳಿ ಹಿತ್ತಲಿನ ಬಾಗಿಲಿನಿಂದ ಹೊರಟುಹೋದ.

"ಅವನನ್ನ ಯಾಕಮ್ಮ ಕೂರಿಸಿದೆ?"

"ನೀನು ಕೋಟೆಗೆ ಹೋಗ್ತೀಯ ಅಂತ ಬೀದಿಯಲ್ಲಿ ಮಾತಾಡ್ತಾ ಇದ್ದರು. ಹೋದರೆ ಅವತ್ತೇ ಸಂಜೆ ಅವನು ಬರಬೇಕಲ್ಲ. ಸಾರು ಎಷ್ಟು ಖಾರ ತಿಂತಾನೆ ಅಂತ ತಿಳ್ಕೋಬೇಡ್ವೆ?"

"ಅವನಿಗೆ ಅನ್ನ ಹಾಕ್ತೀಯಾ? ನನಗೆ ಹಾಕಿದ ಹಾಗೇ?"

"ಈ ಚಾಪೆ ಮೇಲೆ ಕೂತವನಿಗೆ ಹಾಕ್ತೀನಿ."

"ನೀನು ನನ್ನ ಹೆತ್ತ ತಾಯಿ. ನಿನಗೆ ಅದು ಆಗುತ್ತಾ?"

ತಾಯಿಯ ಕೈ ತೊಡೆಯ ಮೇಲೆ ನಿಂತಿತು. ಅರ್ಧ ಹೊಸೆದ ಬತ್ತಿ ತಾನಾಗಿಯೇ ಬಿಚ್ಚಿಕೊಂಡಿತು. ಅವಳು ಅದನ್ನು ನೋಡುತ್ತ, ಒಲೆ ಹಚ್ಚುವ ವಿಷಯ ಹೇಳುವಷ್ಟೇ ಮೆಲ್ಲಗೆ ಹೇಳಿದಳು:

"ನಾನು ನಿನ್ನ ಹೆತ್ತಿಲ್ಲ ಕಣೋ. ಆಗ ನೀನು ಮೊಲೆ ಕುಡಿಯೋ ಕೂಸು. ಹೆತ್ತವಳು ಬೆಳಿಗ್ಗೆ ತೀರಿಹೋದಳು. ಸಂಜೆಯೊಳಗೆ ನನ್ನ ಕರ್ಕೊಂಡು ಬಂದು ಇಲ್ಲಿ ಕೂರಿಸಿದರು. ಅವತ್ತು ಮಧ್ಯಾಹ್ನದವರೆಗೂ ನಾನು ಹೂ ಕಟ್ಟೋಳಾಗಿದ್ದೆ."

ಎಸೆಗಾರ ಒಳಗೆ ಬಂದ. ಗೋಡೆಗೆ ಒರಗಿ ಕೂತ. ಅವನಿಗೆ ನೆನಪಿದ್ದ ಮೊದಲ ಮುಖ ಇದು. ಜ್ವರ ಬಂದಾಗ ಹಣೆಯ ಮೇಲೆ ಬಂದ ಕೈ ಇದು. ಅವನು ಆ ಮುಖವನ್ನು ನೋಡಿದ, ಅದು ಬದಲಾಗಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

"ಮೊದಮೊದಲು ನೀನು ನನ್ನ ಹತ್ತಿರ ಬರಲಿಲ್ಲ," ಎಂದಳು ತಾಯಿ. "ನನ್ನಲ್ಲಿ ಹಾಲಾದರೂ ಎಲ್ಲಿತ್ತು? ಆಡಿನ ಹಾಲಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟರೆ ಉಗೀತಿದ್ದೆ. ಆಮೇಲೆ ಒಂದು ದಿನ ನನ್ನ ಬೆರಳು ಹಿಡ್ಕೊಂಡೆ. ಬಿಡಲೇ ಇಲ್ಲ."

"ಅವಳು ಹೇಗಿದ್ದಳು?"

"ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬಾರದಲ್ಲ. ಅವಳ ಬಳೆ ಸಣ್ಣದಿತ್ತು. ಎಣ್ಣೆ ಹಚ್ಚಿ ನನ್ನ ಕೈಗೆ ಏರಿಸಿದರು." ಅವಳು ಬಿಚ್ಚಿದ ಬತ್ತಿಯನ್ನು ಮತ್ತೆ ಹೊಸೆಯತೊಡಗಿದಳು. "ನಿಜ ಹೇಳು, ಎಂದಾದರೂ ನಿನಗೆ ಈ ಜಾಗ ಖಾಲಿ ಅನಿಸಿತ್ತಾ?"

ಅನಿಸಿರಲಿಲ್ಲ.  ಹೊರಗೆ ಗಂಟೆ ಬಂತು. "ಜಾಗ ತುಂಬಿದೆಯೆ?" ತಾಯಿ ಕೂತಲ್ಲಿಂದಲೇ ಹೇಳಿದಳು, "ತುಂಬಿದೆ."

ಮುಂದಿನ ಆಟ ಕೆಳಹೊಳೆಯ ಶಾಲೆಯವರ ಮೇಲೆ. ಕರೆಯುವವನು ನೋಡುವವರ ಅಟ್ಟಣೆಯ ಮೇಲೆ ಕೂತಿದ್ದ. ಎಸೆಗಾರನಿಗೆ ಅವನು ಅಲ್ಲಿರುವುದು ಗೊತ್ತಿತ್ತು, ಗೊತ್ತಿದ್ದೇ ಒಂದು ಚೆಂಡನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎಸೆದ. ನೋಡುವವರಿಗೆ ಅದು ಚೆಂದ, ಹಿಡಿಯುವವನಿಗೆ ಕಷ್ಟ. ಓಟಗಾರ ಓಡಿ, ನೆಗೆದು, ಆಕಾಶದಲ್ಲಿ ಮೈ ತಿರುಚಿ ಅದನ್ನು ಹಿಡಿದ. ಇಳಿಯುವಾಗ ಕಡಗದ ಕಾಲು ಅಡಿಯಾಯಿತು, ಎದುರಾಳಿಗಳಿಬ್ಬರು ಅದರ ಮೇಲೆ ಬಿದ್ದರು. ಒಣಸೌದೆ ಮುರಿದಂಥ ಸದ್ದು ಬಯಲಿನ ಈ ತುದಿಗೂ ಕೇಳಿಸಿತು. ಓಟಗಾರ ಚೆಂಡನ್ನು ಬಿಡಲಿಲ್ಲ. ಅವನನ್ನು ಹೊತ್ತುಕೊಂಡು ಹೋಗುವಾಗಲೂ ಅದು ಅವನ ಎದೆಯ ಮೇಲಿತ್ತು. ಯಾರೋ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡರು.

ಮಾರನೆಯ ಬೆಳಿಗ್ಗೆ ಎಸೆಗಾರ ಬಯಲಿಗೆ ಬಂದಾಗ ಯಾರೋ ಹಿಂದಿನಿಂದ ಬಂದು ಅವನ ಭುಜದ ಮೇಲೆ ಕೈಹಾಕಿದರು.

"ಏನೋ, ನಿದ್ದೆ ಬಂತಾ?"

ಅವನು ಸಂತೋಷದಿಂದ ತಿರುಗಿದ.  ಎದುರಿಗಿದ್ದವನು ಓಟಗಾರನ ಎರಡನೆಯವನು, ನಿನ್ನೆಯವರೆಗೆ ಗಾಣದ ಮನೆಯವನು. ಈಗ ಅವನ ಬಲಗಾಲಿನಲ್ಲಿ ಹಿತ್ತಾಳೆಯ ಕಡಗವಿತ್ತು. ಅದನ್ನು ಉಜ್ಜಿ ತೊಳೆದಿದ್ದರು. ಹೊಸ ಓಟಗಾರ ಉತ್ತರಕ್ಕೆ ಕಾದ. ಪಾಪ, ಅವನ ಮುಖದಲ್ಲಿ ಕಪಟವಿರಲಿಲ್ಲ. ಒಳ್ಳೆಯ ಗೆಳೆಯನಾಗಬೇಕೆಂಬ ಆಸೆಯಷ್ಟೇ ಇತ್ತು.

"ಬಂತು," ಎಂದ ಎಸೆಗಾರ. 

ಅವನು ತನ್ನ ಗೆಳೆಯ ಓಟಗಾರನ ಮನೆಯ ಮುಂದೆ ಹಾದುಹೋದ. ಓಟಗಾರನ ತಾಯಿ ಅಂಗಳದಲ್ಲಿ ಭತ್ತ ಕೇರುತ್ತ, ಪಕ್ಕದ ಮನೆಯವಳೊಡನೆ ಏನೋ ಹೇಳಿ ನಗುತ್ತಿದ್ದಳು. ಅವನು ನಿಲ್ಲದೆ ಊರಿನ ಗೋಡೆಯವರೆಗೆ ನಡೆದು, ಗೋಡೆಯ ಸಣ್ಣ ಬಾಗಿಲಿನಿಂದ ಹೊರಗೆ ಹೋದ. ಕೆಲಸಕ್ಕಾಗದೆ ಜಾಗ ಕಳೆದುಕೊಂಡವರು ಇರುವುದು ಅಲ್ಲಿ. ಗಾಳಿ ತಂದು ಸುರಿದ ಮರಳು ಗೋಡೆಯನ್ನು ಮುಚ್ಚದ ಹಾಗೆ ಅವರು ಅದನ್ನು ಬುಟ್ಟಿಯಲ್ಲಿ ತುಂಬಿ ದೂರ ಹಾಕುತ್ತಾರೆ, ಗಾಳಿ ಮತ್ತೆ ತರುತ್ತದೆ. ಊರಿನವರಾರೂ ಆ ಬಾಗಿಲು ದಾಟುವುದಿಲ್ಲ. ದಾಟಬಾರದೆಂದೇನೂ ಇಲ್ಲ, ದಾಟುವ ಕಾರಣವಿರುವುದಿಲ್ಲ.

ಹಳೆಯ ಓಟಗಾರ ಗೋಡೆಗೆ ಒರಗಿ ಕೂತಿದ್ದ. ಕಾಲಿಗೆ ಎರಡು ಕಡೆ ಬಿದಿರಿನ ಸೀಳು ಇಟ್ಟು ಕಟ್ಟಿದ್ದರು. ಕೂತಲ್ಲಿಂದಲೇ ಕೈಗೆಟುಕುವ ಮರಳನ್ನು ಬುಟ್ಟಿಗೆ ತುಂಬುತ್ತಿದ್ದ. ಎಸೆಗಾರನನ್ನು ನೋಡಿ ಅವನು ಬೆಚ್ಚಿದ.

"ನೀನು ಇಲ್ಲಿಗೆ ಯಾಕೆ ಬಂದೆ?"

"ನಿನ್ನನ್ನ ನೋಡೋಕೆ."

"ಇಲ್ಲಿಗೆ ಯಾರೂ ಬರೋಲ್ಲ." ಅವನು ಸ್ವಲ್ಪ ಹೊತ್ತು ಮರಳು ತುಂಬಿದ. ಆಮೇಲೆ ಕೇಳಿದ, "ಅಮ್ಮ ಹೇಗಿದ್ದಾಳೆ?"

ಎಸೆಗಾರ ಸುಳ್ಳು ಹೇಳಬೇಕೆಂದುಕೊಂಡ. ಸಿಗಲಿಲ್ಲ. "ನಗ್ತಾ ಇದ್ದಳು," ಎಂದ.

ಓಟಗಾರನ ಕೈ ಮರಳಿನೊಳಗೆ ಹಾಗೆಯೇ ನಿಂತಿತು. "ಒಳ್ಳೇದಾಯ್ತು," ಎಂದ. ಅವನ ತುಟಿ ಒಣಗಿತ್ತು. "ನೀನು ಹೋಗಿಬಿಡು ಮಾರಾಯ. ಕೋಟೆಗೆ ಹೋಗು. ಉಳಿದರೂ ನಿನ್ನ ಜಾಗ ತುಂಬುತ್ತೆ, ಹೋದರೂ ತುಂಬುತ್ತೆ. ನಿನ್ನನ್ನ ಹೊತ್ತು ತಂದು ಇಲ್ಲಿ ಹಾಕೋದಕ್ಕಿಂತ ನಿನ್ನ ಕಾಲ ಮೇಲೆ ನೀನೇ ಹೋಗೋದು ವಾಸಿ."

"ಆ ಚೆಂಡನ್ನ ನಾನು ಬೇಕಂತಲೇ ಎತ್ತರಕ್ಕೆ ಎಸೆದೆ."

"ಗೊತ್ತು. ಮೇಲೆ ನೋಡಿದ ತಕ್ಷಣ ಗೊತ್ತಾಯ್ತು." ಓಟಗಾರ ಮೊದಲ ಸಲ ನಕ್ಕ. "ಚೆನ್ನಾಗಿತ್ತು ಕಣೋ ಆ ಚೆಂಡು."

ಅಂದೇ ಎಸೆಗಾರ ಕರೆಯುವವನನ್ನು ಕಂಡು, ಕೋಟೆಗೆ ಬರುತ್ತೇನೆಂದು ಹೇಳಿದ. ಹೇಳಿದಾಗ ಹಗುರವಾಯಿತು. ಗೆಳೆಯ ಹೇಳಿದ್ದು ಸರಿ. ಎರಡೂ ಕಡೆ ನಷ್ಟವೆಂದಾದರೆ ತೋಳಾದರೂ ಉಳಿಯಲಿ. ಊರು ಬೇಸರ ಪಡಲಿಲ್ಲ. ಜನ ಎರಡನೆಯವನಿಗೆ ಆಗಲೇ ಎಲೆ ಅಡಿಕೆ ಕೊಡಲಾರಂಭಿಸಿದರು. ತಾಯಿ ಚಾಪೆಯನ್ನು ಬಿಸಿಲಿಗೆ ಹಾಕಿ ಕೊಡವಿದಳು. ಅವನ ಎದುರಿಗೆ ಅವಳು ಎಂದಿನಂತೆಯೇ ಇದ್ದಳು, ಆದರೆ ಆ ದಿನಗಳಲ್ಲಿ ಅವಳು ಹೊಸೆದ ಬತ್ತಿಗಳು ಬೇಗ ಆರಿಹೋಗುತ್ತವೆ ಎಂದು ಬೀದಿಯವರು ದೂರಿದರು.

ಹುಣ್ಣಿಮೆಯ ದಿನ ಬಿಸಿಲಿಳಿಯುವ ಹೊತ್ತಿಗೆ ಕೊನೆಯ ಆಟ. ಊರೆಲ್ಲ ಬಂದಿತ್ತು. ಎಸೆಗಾರ ಹೊಸ ಓಟಗಾರನಿಗೆ ಎಸೆದ, ಅವನು ಹಿಡಿದ. ಮತ್ತೆ ಎಸೆದ, ಹಿಡಿದ. ಹಳೆಯ ಓಟಗಾರನ ಹಾಗೆಯೇ ಹಿಡಿದು, ಅವನ ಹಾಗೆಯೇ ಚೆಂಡನ್ನು ಕಿವಿಗೆ ಒತ್ತಿಕೊಂಡ. ಜನ ಕೂಗಿದರು. ಎಸೆಗಾರ ಅಟ್ಟಣೆಯತ್ತ ನೋಡಿದ. ಓಟಗಾರನ ತಾಯಿ ಕೈ ಎತ್ತಿ, ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು.

ಮೂರನೆಯ ಸಲ ಚೆಂಡು ಕೈಗೆ ಬಂದಾಗ ಅವನಿಗೆ ಎಡಗಡೆಯ ಬಯಲು ಕಂಡಿತು. ಅಲ್ಲಿ ಯಾರೂ ಇರಲಿಲ್ಲ. ಕಾಲು ಮುರಿಯದೆ ಇದ್ದಿದ್ದರೆ ಅವನ ಗೆಳೆಯ ಈಗ ಕಾವಲನ್ನು ಸುತ್ತಿ, ಒಂದು ಹುಸಿ ಹೆಜ್ಜೆ ಹಾಕಿ, ಅಲ್ಲಿಗೆ ಬರುತ್ತಿದ್ದ. ಹೊಸಬನಿಗೆ ಆ ಹುಸಿ ಹೆಜ್ಜೆ ಗೊತ್ತಿರಲಿಲ್ಲ, ಅದನ್ನು ಅವರಿಬ್ಬರೇ ಯಾರಿಗೂ ಹೇಳದೆ ಕಲಿತಿದ್ದರು. ಎಸೆಗಾರ ಅಲ್ಲಿಗೆ ಎಸೆದ.

ಚೆಂಡು ಎದ್ದಿತು, ಮಾತು ನಿಂತಿತು. ಚೆಂಡು ಇಳಿದು ನೆಲಕ್ಕೆ ಬಿತ್ತು. ಧಪ್ಪೆಂದು ಬಿದ್ದು, ಒಂದೆರಡು ಸಲ ಪುಟಿದು, ಸುಮ್ಮನಾಯಿತು. ನಿಂತ ಮಾತಿಗೆ ಕೂಗಾಗಲು ದಾರಿ ಸಿಗಲಿಲ್ಲ.

ಅವನು ಮತ್ತೆ ಅಲ್ಲಿಗೇ ಎಸೆದ. ಮತ್ತೆ ಬಿತ್ತು. ಎದುರಾಳಿಗಳು ಕೂಡ ಓಡುವುದನ್ನು ನಿಲ್ಲಿಸಿದರು. ಗುರು ಬಯಲಿನೊಳಕ್ಕೆ ಬಂದರು.

"ಏನೋ ಇದು? ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಗುರುಗಳೇ."

"ಮತ್ತೆ?"

"ಯಾರೂ ಇಲ್ಲ," ಎಂದ ಎಸೆಗಾರ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು. "ಅಲ್ಲಿ ಒಬ್ಬ ಇದ್ದ. ಈಗ ಇಲ್ಲ."

ಅವನು ಮತ್ತೊಮ್ಮೆ ಎಸೆದ. ಈ ಸಲ ಚೆಂಡು ನೆಲಕ್ಕೆ ಬಡಿದಾಗ ಅಟ್ಟಣೆಯ ಮೇಲಿಂದ ಒಂದು ಸದ್ದು ಬಂತು. ಹೊಳೆ ದಾಟಿ ಯಾವುದೋ ಪ್ರಾಣಿ ಬಂದಿದೆಯೆಂದು ಕೆಲವರು ಎದ್ದುನಿಂತರು. ಕೆಲವರು ಕಿವಿ ಮುಚ್ಚಿಕೊಂಡರು. ಸದ್ದು ಮಾಡುತ್ತಿದ್ದವಳು ಓಟಗಾರನ ತಾಯಿ. ಅವಳ ಬಾಯಿ ತೆರೆದಿತ್ತು. ತನ್ನ ಬಾಯಿಂದ ಏನು ಹೊರಡುತ್ತಿದೆಯೆಂದು ಅವಳಿಗೂ ತಿಳಿದಂತಿರಲಿಲ್ಲ. ಪಕ್ಕದ ಮನೆಯವಳು ಅವಳನ್ನು ಹಿಡಿಯಲು ಹೋಗಿ, ಮುಟ್ಟಿದೊಡನೆ ತಾನೂ ಅದೇ ಸದ್ದು ಮಾಡಿದಳು. ಹೊಸ ಓಟಗಾರ ಬಯಲಿನ ನಡುವೆ ಕೂತು, ಕಡಗವನ್ನು ಕಾಲಿನಿಂದ ಕಳಚಲು ನೋಡಿದ. ಅದು ಬರಲಿಲ್ಲ.

ಆ ಸಂಜೆ ಗಂಟೆಯವನು ಎಂದಿನಂತೆ ಹೊರಟ. ಓಟಗಾರನ ಬಾಗಿಲಲ್ಲಿ ಗಂಟೆ ಬಾರಿಸಿ ಕೇಳಿದ. ಒಳಗೆ ದೀಪವಿತ್ತು, ಉತ್ತರವಿರಲಿಲ್ಲ. ಅವನು ಇನ್ನೊಮ್ಮೆ ಕೇಳಿ, ಹಣೆಯ ಬೆವರು ಒರೆಸಿಕೊಂಡು, ಮುಂದಿನ ಬೀದಿಗೆ ಹೋಗಿ ಬತ್ತಿ ಹೊಸೆಯುವವಳ ಬಾಗಿಲಲ್ಲಿ ನಿಂತ.

"ಜಾಗ ತುಂಬಿದೆಯೆ?"

ಎಸೆಗಾರ ಒಳಗಿದ್ದ. ತಾಯಿಯೂ ಇದ್ದಳು. ಇಬ್ಬರೂ ತಮ್ಮ ತಮ್ಮ ಚಾಪೆಯ ಮೇಲೆಯೇ ಇದ್ದರು. ತಾಯಿ ಎದ್ದು ಹೊಸ್ತಿಲಿಗೆ ಬಂದಳು.

"ತುಂಬಿಲ್ಲ," ಎಂದಳು.

"ಏನು ಹೇಳ್ತಿದ್ದೀಯಮ್ಮ? ನೀನು ಇಲ್ಲೇ ಇದ್ದೀಯಲ್ಲ."

"ನಾನು ಇದ್ದೀನಿ. ನನಗಿಂತ ಮುಂಚೆ ಇಲ್ಲಿ ಒಬ್ಬಳಿದ್ದಳು. ಸಣ್ಣ ಕೈಯವಳು. ಈ ಕೂಸನ್ನ ಹೆತ್ತಳು. ಅವಳಿಗೆ ಯಾರೂ ಅಳಲಿಲ್ಲ, ಅವಳ ಮಗನೂ ಅಳಲಿಲ್ಲ. ಅಳೋದಕ್ಕೆ ನಾನೇ ಬಿಡಲಿಲ್ಲ." ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಅವಳ ಜಾಗ ತುಂಬಿಲ್ಲ. ಬರ್ಕೊಂಡು ಹೋಗು, ಕೂಗ್ಕೊಂಡು ಹೋಗು, ಏನಾದರೂ ಮಾಡು."

ಗಂಟೆಯವನು ಗಂಟೆಯನ್ನು ಎದೆಗವಚಿಕೊಂಡು ನಿಂತ. ಎದುರು ಮನೆಯವರು ಅವನು ಕೇಳದಿದ್ದರೂ "ತುಂಬಿದೆ, ತುಂಬಿದೆ" ಎಂದು ಗಾಬರಿಯಿಂದ ಕೂಗಿದರು. ಅವರ ಪಕ್ಕದ ಮನೆಯಲ್ಲಿ ಕುಂಬಾರನ ಹೆಂಡತಿ ತನ್ನ ಗಂಡನ ಮುಖವನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ, ಅವನಿಗೆ ನೋವಾಗದ ಹಾಗೆ, "ತುಂಬಿಲ್ಲ" ಎಂದಳು. ಕುಂಬಾರ ತಲೆಯಾಡಿಸಿ, ಎದ್ದು ಅವಳಿಗೆ ನೀರು ತಂದುಕೊಟ್ಟ.

ಆ ರಾತ್ರಿ ಊರು ನಾಶವಾಗುತ್ತದೆಂದು ಎಲ್ಲರೂ ಕಾದರು. ಬೆಳಗಾದಾಗ ಗೋಡೆಗಳಿದ್ದವು, ಬಾವಿಗಳಿದ್ದವು, ಕೋಳಿಗಳು ಕೂಗುತ್ತಿದ್ದವು. ಜನ ಹೊರಬಂದು ತಮ್ಮ ಮನೆಯ ಗೋಡೆಗಳನ್ನು ಮುಟ್ಟಿ ನೋಡಿದರು. ಎಷ್ಟೋ ಜನರ ಕಣ್ಣು ಊದಿತ್ತು. ಓಟಗಾರನ ತಾಯಿ ಸಣ್ಣ ಬಾಗಿಲಿನಿಂದ ಹೊರಗೆ ಹೋಗಿ, ಮಗನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದಳು. ಅವನು ಸಿಡಿಮಿಡಿಗೊಂಡು, ಇಳಿಸು, ಎಲ್ಲರೂ ನೋಡುತ್ತಿದ್ದಾರೆ ಎಂದು ಬೈಯುತ್ತಲೇ ಇದ್ದ. ಹೊಸ ಓಟಗಾರನಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಅವನೂ ಅಲ್ಲೇ ಉಳಿದ. ಓಟಗಾರರಿಬ್ಬರೂ ಬಹಳ ದಿನ ಪರಸ್ಪರ ಮಾತಾಡಲಿಲ್ಲ.

ಎಸೆಗಾರ ಹೊಳೆಯ ದಡಕ್ಕೆ ಬಂದಾಗ ಕರೆಯುವವನು ದೋಣಿಯಲ್ಲಿ ಕೂತಿದ್ದ.

"ನೆನ್ನೆ ಮಾಡಿದ್ದಕ್ಕೆ ಬೇಡ ಅಂತೀನಿ ಅಂದ್ಕೊಂಡೆಯಾ?" ಎಂದ. "ಯಾರೂ ಇಲ್ಲದ ಜಾಗಕ್ಕೆ ಮೂರು ಸಲ ಎಸೆದೆ, ಮೂರು ಸಲವೂ ಒಂದೇ ಹುಲ್ಲಿನ ಮೇಲೆ ಬಿತ್ತು. ಎಷ್ಟು ದೋಣಿ ಕಳಿಸಿ ಹುಡುಕಿದರೂ ಅಂಥ ತೋಳು ಸಿಗೋಲ್ಲ. ಬಾ, ದೋಣಿ ಹತ್ತು."

"ಅಲ್ಲಿ ನನ್ನನ್ನ ಕೂರಿಸೋ ಜಾಗದಲ್ಲಿ ಯಾರಿದ್ದರು?"

"ಎಸೆಗಾರನಿದ್ದ."

"ಅವನಿಗೆ ಏನಾಯ್ತು?"

ಕರೆಯುವವನು ಗೊತ್ತಿಲ್ಲದ ಭಾಷೆ ಕೇಳಿದವನ ಹಾಗೆ ಅವನನ್ನು ನೋಡಿದ. ಅವನು ಎಸೆಗಾರನ ಮುಖವನ್ನು ನೋಡಿದ್ದು ಅದೇ ಮೊದಲು. "ಜಾಗದ ವಿಷಯ ಕೇಳು, ಹೇಳ್ತೀನಿ," ಎಂದ.

"ನನ್ನದು ಒಂದು ವರ್ಷ ಬಾಕಿ ಇದೆ."

"ಮುಂದಿನ ವರ್ಷ ಈ ತೋಳು ಇಲ್ಲದೆ ಹೋದರೆ?"

"ಹೋದರೆ ಹೋಯ್ತು ಅನ್ನೋಕೆ ನನಗೂ ಭಯ ಇದೆ," ಎಂದ ಎಸೆಗಾರ. "ಆದರೂ ಬರೋಲ್ಲ."

ದೋಣಿ ಅವನಿಲ್ಲದೆ ಹೋಯಿತು. ಅದು ಆಚೆ ದಡ ಮುಟ್ಟುವವರೆಗೂ ಅವನು ಅಲ್ಲೇ ನಿಂತು ನೋಡಿದ.

ನಾಲ್ಕನೆಯ ವರ್ಷ ಅವನು ಎರಡನೆಯವನಿಗೆ ಕಲಿಸಿದ. ನಡಿಗೆ, ಕೆಮ್ಮು ಬೇಡ, ಎಸೆತ ಕಲಿ ಎಂದ. ಎರಡನೆಯವನಿಗೆ ತನ್ನದೇ ನಗು ಯಾವುದೆಂದು ಹುಡುಕಲು ಬಹಳ ಕಷ್ಟವಾಯಿತು. ಒಮ್ಮೆ ಸಿಕ್ಕಿದಾಗ ಅದು ಬೇರೆಯೇ ಇತ್ತು, ಸ್ವಲ್ಪ ಒಡಕಾಗಿ, ಮೂಗು ಉಜ್ಜಿಕೊಳ್ಳದೆ.

ಆ ವರ್ಷದ ಮಳೆ ಕಳೆದ ಮೇಲೆ ಕೆಳಹೊಳೆಯವರೊಡನೆ ಆಟವಿತ್ತು. ಕಾವಲು ಮುರಿಯಿತು. ಎಸೆಗಾರ ಕೈಯೆತ್ತಿದ್ದಾಗಲೇ ಒಬ್ಬ ಬಂದು ಭುಜದ ಮೇಲೆ ಬಿದ್ದ. ಎಲ್ಲರೂ ಹೇಳಿದ್ದೇ ಆಯಿತು. ಅವನು ನೆಲದ ಮೇಲೆ ಬಿದ್ದು ನೋಡಿದಾಗ ಅವನ ತೋಳು ಅವನದಲ್ಲದ ಯಾವುದೋ ವಸ್ತುವಿನಂತೆ ಪಕ್ಕದಲ್ಲಿತ್ತು. ಬೆರಳು ಅಲ್ಲಾಡಿಸಲು ನೋಡಿದ. ಅವು ಅವನ ಮಾತು ಕೇಳಲಿಲ್ಲ. ಅವನನ್ನು ಎತ್ತಿ ಬಯಲಿನ ಅಂಚಿಗೆ ತಂದು ಮಲಗಿಸಿದರು. ತಾಯಿ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಎಲ್ಲರೂ ಎರಡನೆಯವನ ಕಡೆಗೆ ತಿರುಗಿದರು. ಅವನು ಗೆರೆಯ ಮೇಲೆ ನಿಂತಿದ್ದ. ಮೂರು ವರ್ಷಕ್ಕೂ ಮೀರಿ ಅವನು ಈ ಗಳಿಗೆಗೇ ಕಾದವನು.

"ಹೋಗು," ಎಂದರು ಗುರು.

ಎರಡನೆಯವನು ಬಯಲನ್ನು ನೋಡಿದ. ಕಾವಲಿನ ಸಾಲು, ಅದರ ಹಿಂದೆ ಬರಿಯ ನೆಲ. "ಇವತ್ತು ಬೇಡ ಗುರುಗಳೇ," ಎಂದ. "ನಾಳೆ ಹೋಗ್ತೀನಿ. ಇವತ್ತು ಅದು ಅವನದು."

 ಆಟ ಎಸೆಗಾರನಿಲ್ಲದೆಯೇ ನಡೆಯಿತು. ಚೆಂಡು ಕಾವಲಿನ ಹಿಂದಕ್ಕೆ ಬರುವುದು, ಅಲ್ಲಿ ಯಾರೂ ಇಲ್ಲದೆ ಉರುಳುವುದು, ಎದುರಾಳಿಗಳು ಎತ್ತಿಕೊಂಡು ಹೋಗುವುದು. ಹೀಗೆಯೇ ಸಂಜೆಯವರೆಗೆ. ಎಸೆಗಾರ ತಾಯಿಯ ತೊಡೆಯ ಮೇಲಿಂದ ಅದನ್ನು ನೋಡಿದ. ತಾನು ನಿಂತು ನಿಂತು ಹುಲ್ಲು ಸವೆದ ಆ ತುಂಡು ನೆಲವನ್ನು ಅವನು ಹೊರಗಿನಿಂದ ನೋಡುತ್ತಿದ್ದುದು ಅದೇ ಮೊದಲು. ಅದು ತಾನು ಅಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. ಅವನಿಗೆ ಅಳು ಬಂತು. ತಾಯಿ ತಡೆಯಲಿಲ್ಲ.

ಊರು ಸೋತಿತು. ಕೆಳಹೊಳೆಯವರು ಗೆದ್ದವರ ಕೂಗು ಹಾಕಲು ಬಾಯಿ ತೆರೆದು, ಅಟ್ಟಣೆ ತುಂಬ ಕೂತಿದ್ದ ಜನರನ್ನು ನೋಡಿ, ಸದ್ದಿಲ್ಲದೆ ತಮ್ಮ ಬಂಡಿ ಕಟ್ಟಿಕೊಂಡು ಹೊರಟರು. ಬಯಲಿನ ಮೇಲೆ ಕತ್ತಲು ಇಳಿಯಿತು. ಕಾವಲಿನ ಹಿಂದಿನ ಜಾಗ ಕಾಣದಷ್ಟು ಕತ್ತಲಾಗುವವರೆಗೂ ಯಾರೊಬ್ಬರೂ ಎದ್ದು ಹೋಗಲಿಲ್ಲ.